ಅಮ್ಮ ತೊಳೆದ ಗ್ರಾಮಫೋನ್ ತಟ್ಟೆಗಳು

ಆ ಬುಧವಾರ ಸಂಜೆ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಅಪ್ಪ ಕೆಲಸ ಮುಗಿಸಿ ಬಂದು, ಬಾಗಿಲ ಹೊರಗೇ ಶೂಗಳ ಧೂಳು ಕೊಡವಿ, ಕೈಕಾಲು ತೊಳೆದು ಚಾ ಕುಡಿದರು. ಅಮ್ಮ ಮರುದಿನದ ನೀರ್‌ದೋಸೆಗೆ ಅಕ್ಕಿ ನೆನೆಹಾಕಿ, ಫ್ರೀಜರಿನಿಂದ ಬಂಗುಡೆ ತೆಗೆದು ನೀರಿಗೆ ಬಿಟ್ಟಳು. ನಾನು ಹಾಲ್‌ನ ನೆಲದ ಮೇಲೆ ಕೂತು ಹೋಮ್‌ವರ್ಕ್ ಬರೆಯುತ್ತಿದ್ದೆ. ಚಾ ಮುಗಿದ ಮೇಲೆ ಅಪ್ಪ ಸೋಫಾದ ಹಿಂದಿನಿಂದ ಕಬ್ಬಿಣದ ಟ್ರಂಕನ್ನು ಎಳೆದು, ಅದರೊಳಗಿಂದ ಒಂದು ಗ್ರಾಮಫೋನ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ನಡುವಿನ ದುಂಡು ಕಾಗದದ ಮೇಲಿದ್ದ ಕಂಪನಿಯ ಹೆಸರು, ಹಾಡಿನ ಹೆಸರು, ಹಾಡಿದವಳ ಹೆಸರು, ಕೆಳಗಿನ ನಂಬರು, ಎಲ್ಲವನ್ನೂ ತರಗತಿಯಲ್ಲಿ ಎದ್ದುನಿಂತು ಪಾಠ ಓದುವವರ ಹಾಗೆ ಗಟ್ಟಿಯಾಗಿ ಓದಿದರು. ಓದದೆ ಅವರು ಯಾವ ತಟ್ಟೆಯನ್ನೂ ಹಾಕುತ್ತಿರಲಿಲ್ಲ. ಆಮೇಲೆ ಪ್ಲೇಯರಿನ ಮುಳ್ಳು ಇಳಿಯಿತು. ಮೊದಲು ಎಣ್ಣೆ ಕಾಯುವಂಥ ಸದ್ದು, ಅದರ ಹಿಂದಿನಿಂದ, ಎಲ್ಲೋ ದೂರದ ಕೋಣೆಯಲ್ಲಿ ಎಂಬಂತೆ, ಒಬ್ಬ ಹೆಂಗಸಿನ ದನಿ. ಅಮ್ಮ ಅಡುಗೆಮನೆಯಿಂದಲೇ ಸ್ವಲ್ಪ ಸಣ್ಣಗೆ ಇಡಲು ಹೇಳಿದಳು. ಅಪ್ಪ ಇಡಲಿಲ್ಲ. ಆ ಕಾಗದ ಮರೂನ್ ಬಣ್ಣದ್ದು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರಗಳು. ಅಂಥ ಕಾಗದವನ್ನು ನಾನು ನಮ್ಮ ಮನೆಯಲ್ಲಿ ನೋಡಿದ್ದು ಅದೇ ಕೊನೆ.

ನಾವಿದ್ದದ್ದು ಕತಾರ್‌ನಲ್ಲಿ, ಮದೀನತ್ ಖಲೀಫಾದ ಒಂದು ಹಳೆಯ ವಿಲ್ಲಾದಲ್ಲಿ. ವಿಲ್ಲಾ ಎಂದರೆ ಊರಿನವರು ಅರಮನೆ ಅಂದುಕೊಳ್ಳುತ್ತಿದ್ದರು. ಮಾಲೀಕ ಅದನ್ನು ಪ್ಲೈವುಡ್ ಗೋಡೆಗಳಿಂದ ತುಂಡು ಮಾಡಿ ನಾಲ್ಕೈದು ಸಂಸಾರಗಳಿಗೆ ಕೊಟ್ಟಿದ್ದ. ನಮ್ಮ ಪಾಲಿಗೆ ಬಂದದ್ದು ಒಂದು ಹಾಲ್, ಒಂದು ಕೋಣೆ, ಜಗಲಿಗೆ ತಗಡು ಹೊದಿಸಿ ಮಾಡಿದ ಅಡುಗೆಮನೆ, ಮತ್ತು ಇವೆಲ್ಲದಕ್ಕೂ ಹೊಂದದ ಒಂದು ದೊಡ್ಡ ಬಚ್ಚಲು. ಅದರಲ್ಲಿ ಗುಲಾಬಿ ಬಣ್ಣದ ಬಾತ್‌ಟಬ್ ಇತ್ತು. ಅದರೊಳಗೆ ಮಲಗಿ ಯಾರೂ ಸ್ನಾನ ಮಾಡಿದ್ದು ನನಗೆ ನೆನಪಿಲ್ಲ. ಬೇಸಿಗೆಯಲ್ಲಿ ಮಾಡಿನ ಮೇಲಿನ ಟ್ಯಾಂಕ್ ಕಾದು ನಲ್ಲಿಯಲ್ಲಿ ಕುದಿಯುವ ನೀರು ಬರುತ್ತಿದ್ದುದರಿಂದ, ಅಮ್ಮ ಹಿಂದಿನ ದಿನವೇ ಟಬ್ ತುಂಬಿಸಿ ಆರಲು ಬಿಡುತ್ತಿದ್ದಳು. ಉಳಿದ ದಿನಗಳಲ್ಲಿ ಅದರಲ್ಲಿ ಕಂಬಳಿ ನೆನೆಯುತ್ತಿತ್ತು, ಪರದೆ ನೆನೆಯುತ್ತಿತ್ತು, ಬಾಟ್ಲಿಗಳು ನೆನೆಯುತ್ತಿದ್ದವು. ಪ್ಲೈವುಡ್ಡಿನ ಆಚೆ ಸಫಿಯಕ್ಕ ಇದ್ದರು. ಉಳ್ಳಾಲದ ಕಡೆಯ ಬ್ಯಾರಿ ಸಂಸಾರ. ಅವರ ಗಂಡನಿಗೆ ಪಕ್ಕದ ರಸ್ತೆಯಲ್ಲಿ ಸಣ್ಣ ದಿನಸಿ ಅಂಗಡಿ. ಅವರು ಈರುಳ್ಳಿ ಹೆಚ್ಚಿದರೆ ನಮಗೆ ಕೇಳುತ್ತಿತ್ತು. ನಮ್ಮ ತಟ್ಟೆ ಅವರಿಗೆ ಕೇಳುತ್ತಿತ್ತು. ಈ ಹಾಡುಗಳಲ್ಲಿ ಹೆಚ್ಚಿನವು ಮನೆಗೆ ಬಾರದ ಗಂಡನ ಬಗ್ಗೆ ಎಂದು ಅಪ್ಪ ಹೇಳಿದ ಮೇಲೆ, ಸಫಿಯಕ್ಕ ಬೆಳಿಗ್ಗೆ ಬಟ್ಟೆ ಒಣಗಿಸಲು ಬಂದಾಗೆಲ್ಲ ಅಮ್ಮನನ್ನು ಕೇಳುತ್ತಿದ್ದರು:

“ಎಂತ ಮಾರಾಯ್ತಿ, ಆ ಹೆಂಗಸಿನ ಗಂಡ ನಿನ್ನೆಯಾದ್ರೂ ಬಂದನಾ?”

ನಾವು ಮನೆಯಲ್ಲಿ ತುಳು ಮಾತಾಡುವವರು. ಸಫಿಯಕ್ಕನ ಜೊತೆ ಅಮ್ಮನದು ತುಳುವೂ ಕನ್ನಡವೂ ಕಲಸಿದ ಮಾತು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಟ್ರಂಕ್ ಬಂದದ್ದು ಅಪ್ಪನ ಕೆಲಸದ ದಾರಿಯಲ್ಲಿ. ಕತಾರ್ ಬಿಟ್ಟು ಹೋಗುವವರ ಮನೆಸಾಮಾನು ಪ್ಯಾಕ್ ಮಾಡಿ ಹಡಗಿಗೋ ವಿಮಾನಕ್ಕೋ ಹಾಕುವ ಒಂದು ಕಂಪನಿಯಲ್ಲಿ ಅವರು ಸೂಪರ್‌ವೈಸರ್. ಹೋಗುವ ಜನ ಕೊನೆಯ ದಿನ ತೂಕ ಹೆಚ್ಚಾಯಿತೆಂದು ಏನಾದರೂ ಬಿಟ್ಟುಹೋಗುತ್ತಿದ್ದರು. ನಮ್ಮ ಸೋಫಾ, ಇಸ್ತ್ರಿ ಮೇಜು, ನನ್ನ ಸೈಕಲ್, ಎಲ್ಲ ಹಾಗೆ ಬಂದದ್ದು. ಯಾವುದೋ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಒಬ್ಬ ಅಮೆರಿಕದ ಮುದುಕರು, ಅಪ್ಪ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು, ತಮ್ಮ ಪಿಯಾನೊ ಪ್ಯಾಕ್ ಆಗುವುದನ್ನು ನೋಡಲಾರದೆ ಪಕ್ಕದ ಕೋಣೆಯಲ್ಲಿ ತಟ್ಟೆ ಹಾಕಿಕೊಂಡು ಕೂತಿದ್ದರಂತೆ. ಅಪ್ಪ ಸಹಿ ಹಾಕಿಸಲು ಹೋದವರು ಅಲ್ಲೇ ನಿಂತರಂತೆ. ಜಾಸ್ ಎನ್ನುವುದು ಹುಟ್ಟಿ ಇನ್ನೂ ಹೆಚ್ಚು ಕಾಲವಾಗಿರದ ದಿನಗಳಲ್ಲಿ, ಬ್ಲೂಸ್ ಎಂಬ ದುಃಖದ ಹಾಡುಗಳನ್ನು ಹಾಡುತ್ತಿದ್ದ ಹೆಂಗಸರು ಇವರು, ಹಾಡು ಹೆಚ್ಚಾಗಿ ಮನೆಗೆ ಬಾರದ ಗಂಡನ ಬಗ್ಗೆಯೇ ಎಂದು ಮೇಷ್ಟ್ರು ಹೇಳಿದರಂತೆ. ಅಪ್ಪನಿಗೆ ಇಂಗ್ಲಿಷ್ ಬರುತ್ತಿತ್ತಾದರೂ ಹಾಡಿನೊಳಗಿನ ಆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಮರುವಾರ ಮೇಷ್ಟ್ರು ಕೊಟ್ಟುಹೋದ ಟ್ರಂಕೂ ಪ್ಲೇಯರೂ ನಮ್ಮ ಮನೆಯಲ್ಲಿದ್ದವು. ಅಪ್ಪನಿಗೆ ಅವಸರವಿರಲಿಲ್ಲ. ಸಂಜೆಗೆ ಒಂದು ತಟ್ಟೆ, ಮೇಲಿನಿಂದ ಕೆಳಕ್ಕೆ, ಸಾಲಾಗಿ. ಟ್ರಂಕಿನ ತಳ ಅವರು ಇನ್ನೂ ಕಂಡಿರಲಿಲ್ಲ.

ಅಮ್ಮನಿಗೊಂದು ಅಭ್ಯಾಸವಿತ್ತು. ನಮ್ಮ ಕಡೆಯ ಗಲ್ಫ್ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಫಿಪುಡಿಯ ಬಾಟ್ಲಿ, ಜಾಮಿನ ಬಾಟ್ಲಿ, ಹಾಲಿನ ಪುಡಿಯ ಡಬ್ಬ ಯಾವುದನ್ನೂ ಅವಳು ಎಸೆದವಳಲ್ಲ. ಎಲ್ಲವನ್ನೂ ಸೋಪಿನ ನೀರಲ್ಲಿ ಮುಳುಗಿಸಿ, ಅಂಟಿಸಿದ ಕಾಗದ ಮೆತ್ತಗಾದ ಮೇಲೆ ಉಜ್ಜಿ ತೆಗೆದು, ಬಿಸಿಲಿಗಿಟ್ಟು, ಆಮೇಲೆ ಉಪ್ಪಿನಕಾಯಿಗೋ ಮಸಾಲೆಪುಡಿಗೋ ಬಳಸುತ್ತಿದ್ದಳು. ಕಾಗದ ಹೋಗುವವರೆಗೆ ಅದು ಅಂಗಡಿಯವರದ್ದು, ಹೋದ ಮೇಲೆ ನಮ್ಮದು. ಬೇರೆಯವರ ಮನೆಯ ಸಾಮಾನಿಗೆ ನೀರು ತೋರಿಸದೆ ಒಳಗಿಟ್ಟುಕೊಳ್ಳುವುದು ಅವಳ ಮಟ್ಟಿಗೆ ದೊಡ್ಡ ಅಸಹ್ಯ. ಈ ಟ್ರಂಕ್ ಮುಗ್ಗಲು ವಾಸನೆ ಹೊಡೆಯುತ್ತಿತ್ತು, ಸಿಗರೇಟು ವಾಸನೆಯೂ ಇತ್ತು. ಅವಳು ಅಪ್ಪನಿಗೆ ಹೇಳಿದ್ದಳು. ಅಪ್ಪ ಹ್ಞೂಂ ಅಂದಿದ್ದರು. ಗುರುವಾರ ಬೆಳಿಗ್ಗೆ ಅಪ್ಪ ಕೆಲಸಕ್ಕೆ, ನಾನು ಶಾಲೆಗೆ ಹೋದ ಮೇಲೆ, ಅವಳು ಆರಿದ ನೀರು ತುಂಬಿದ ಟಬ್ಬಿಗೆ ಸೋಪಿನ ಪುಡಿ ಕಲಸಿ, ಟ್ರಂಕಿನಲ್ಲಿದ್ದ ತಟ್ಟೆಗಳನ್ನೆಲ್ಲ ಒಂದೊಂದಾಗಿ ಇಳಿಬಿಟ್ಟಳು.

ಸಂಜೆ ಅಪ್ಪ ಬಂದಾಗ ತಟ್ಟೆಗಳು ಹಾಲ್‌ನ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಕಪ್ಪಗೆ, ಮಿರಮಿರ ಹೊಳೆಯುತ್ತಿದ್ದವು. ನಡುವೆ ಮಾಸಿದ ಒಂದೊಂದು ದುಂಡು ಗುರುತು ಬಿಟ್ಟರೆ ಏನೂ ಇರಲಿಲ್ಲ. ಅಪ್ಪ ಶೂ ಬಿಚ್ಚದೆ ಒಳಗೆ ಬಂದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

“ಇದು ಎಂತ ಮಾಡಿದ್ದು ನೀನು?”

“ತೊಳೆದದ್ದು. ಎಂಥ ವಾಸನೆ ಬರ್ತಿತ್ತು ಗೊತ್ತುಂಟಾ ನಿಮಗೆ?”

“ಕಾಗದ ಎಲ್ಲಿ?”

“ಯಾವ ಕಾಗದ?”

“ನಡುವಲ್ಲಿ ಇದ್ದದ್ದು.”

“ಅದಾ? ಕೆಲವು ಬಿಡ್ಲೇ ಇಲ್ಲ ಮಾರಾಯ್ರೇ. ಪಾತ್ರೆಯ ಸ್ಟೀಲಿನ ಜುಂಗು ಹಾಕಿ ತಿಕ್ಕಬೇಕಾಯ್ತು.”

ಅವಳು ಅದನ್ನು ಹೆಮ್ಮೆಯಿಂದ ಹೇಳಿದಳು. ಅಪ್ಪನ ಮುಖ ನೋಡಿದ ಮೇಲೆ ಅವಳ ಮುಖ ಬದಲಾಯಿತು. ಅಪ್ಪ ಬಯ್ಯಲಿಲ್ಲ. ಒಂದು ತಟ್ಟೆಯನ್ನೆತ್ತಿ ಎರಡೂ ಬದಿ ತಿರುಗಿಸಿ ನೋಡಿ, ಕೆಳಗಿಟ್ಟು, ಕೋಣೆಗೆ ಹೋಗಿ ಮಲಗಿದರು. ಬಂಗುಡೆ ಗಸಿ ಹಾಗೇ ಉಳಿಯಿತು.

ಆಮೇಲಿನ ದಿನಗಳಲ್ಲಿ ಅವರಿಬ್ಬರ ಮಾತೆಲ್ಲ ನನ್ನ ಮೂಲಕ ನಡೆಯಿತು. ಊಟಕ್ಕೆ ಬರಲು ಹೇಳು, ಅಂಗಿ ಇಸ್ತ್ರಿಯಾಗಿದೆ ಎಂದು ಹೇಳು, ಗ್ಯಾಸ್ ಮುಗಿದಿದೆಯಂತೆ ಎಂದು ಹೇಳು. ಒಂದೇ ಹಾಲ್‌ನಲ್ಲಿ ಮೂರು ಅಡಿ ದೂರ ಕೂತವರಿಗೆ ನಾನು ಸುದ್ದಿ ಒಯ್ಯುತ್ತಿದ್ದೆ. ಪ್ಲೈವುಡ್ಡಿನಾಚೆಗೆ ಎಲ್ಲವೂ ಗೊತ್ತಾಗಿತ್ತು. ಸಫಿಯಕ್ಕ ಒಂದು ಪಾತ್ರೆ ಮೀನು ಬಿರಿಯಾನಿ ಹಿಡಿದುಕೊಂಡು ಬಂದು, ಅಪ್ಪನಿಗೆ ಕೇಳುವ ಹಾಗೆ ಅಮ್ಮನಿಗೆ ಸಮಾಧಾನ ಹೇಳಿದರು. ಅವರ ಅತ್ತೆ ಒಮ್ಮೆ ಮದುವೆ ಫೋಟೊಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮದುಮಗನ ಮೂಗು ತೆಗೆದಿದ್ದರಂತೆ. ಅಮ್ಮ ನಗಲಿಲ್ಲ. ಅವಳು ನಿಜಕ್ಕೂ ಪೆಟ್ಟು ತಿಂದವಳ ಹಾಗಿದ್ದಳು. ಸಂಜೆ ಅಪ್ಪ ಬರುವ ಹೊತ್ತಿಗೆ ಅವಳೇ ಪ್ಲೇಯರಿನ ಧೂಳು ಒರೆಸಿ, ಒಂದು ತಟ್ಟೆ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಅಪ್ಪ ಹಾಕುತ್ತಿರಲಿಲ್ಲ. ಯಾರ ಹಾಡೆಂದು ಗೊತ್ತಿಲ್ಲದೆ ಹೇಗೆ ಹಾಕುವುದು ಎಂದು ಅವರು ಕೇಳಿದ್ದೂ ನನ್ನನ್ನೇ.

ಕೊನೆಗೆ ಒಂದು ಶುಕ್ರವಾರ ಅಪ್ಪ ಫೋನ್ ಕಾರ್ಡ್ ತಂದು ಅಮೆರಿಕಕ್ಕೆ ಮೇಷ್ಟ್ರಿಗೆ ಫೋನ್ ಮಾಡಿದರು. ಕ್ಷಮೆ ಕೇಳುವುದು ಅವರ ಉದ್ದೇಶವಾಗಿತ್ತು. ಮೇಷ್ಟ್ರು ಬಹಳ ಹೊತ್ತು ನಕ್ಕರಂತೆ. ಹಾಡಿನ ಗೆರೆಗಳು ಮುಗಿದು ಕಾಗದ ಶುರುವಾಗುವ ಮೊದಲು ಒಂದು ಬೋಳು ಉಂಗುರವಿದೆಯಲ್ಲ, ಅಲ್ಲೊಂದು ನಂಬರಿರುತ್ತದೆ, ನೋಡು ಅಂದರಂತೆ. ಹಾಡನ್ನು ಅಚ್ಚಿಗೆ ಹಿಡಿದ ದಿನವೇ ಕೊಡುವ ನಂಬರು ಅದು, ತಟ್ಟೆಯ ಮೈಯಲ್ಲೇ ಮೂಡಿರುತ್ತದೆ, ಅದನ್ನು ಕಳಿಸು, ನನ್ನ ಬಳಿ ಈ ನಂಬರುಗಳ ದಪ್ಪ ಪುಸ್ತಕಗಳಿವೆ, ಯಾರದ್ದೆಂದು ಹೇಳುತ್ತೇನೆ ಅಂದರಂತೆ. ಅಪ್ಪ ಇದನ್ನು ನನಗೆ ಪಾಸ್‌ಪೋರ್ಟ್ ತೋರಿಸಿ ಅರ್ಥ ಮಾಡಿಸಿದರು. ಫೋಟೊ ಹರಿದರೂ ಗುರುತಿಗೆಂದು ಬರೆದ ಎಡಗೆನ್ನೆಯ ಮಚ್ಚೆ ಮೈಮೇಲೆ ಇದ್ದೇ ಇರುತ್ತದೆ ಅಂದರು. ಆ ಮಾತು ಅಡುಗೆಮನೆಗೂ ಕೇಳಲೆಂದೇ ಅವರು ದೊಡ್ಡದಾಗಿ ಹೇಳಿದ್ದಿರಬೇಕು.

ಆದರೆ ಕಪ್ಪಿನ ಮೇಲೆ ಕಪ್ಪು ಅಂಕಿ. ಅಪ್ಪ ಟಾರ್ಚ್ ಹಿಡಿದರು, ಭೂತಗನ್ನಡಿ ಹಿಡಿದರು, ಕಿಟಕಿಗೆ ಹಿಡಿದರು. ಕಾಣುತ್ತದೆ ಎನ್ನುವಷ್ಟರಲ್ಲಿ ಕಾಣೆಯಾಗುತ್ತಿತ್ತು. ಅಮ್ಮ ಅಕ್ಕಿ ರೊಟ್ಟಿ ತಟ್ಟುತ್ತಿದ್ದವಳು ಬಾಗಿಲಲ್ಲಿ ನಿಂತು ಇದನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬಂದು, ಅಪ್ಪನ ಕೈಯಿಂದ ತಟ್ಟೆ ತೆಗೆದುಕೊಂಡು, ಹಿಟ್ಟು ಮೆತ್ತಿದ ಹೆಬ್ಬೆರಳನ್ನು ಆ ಉಂಗುರದ ಸುತ್ತ ಮೆಲ್ಲಗೆ ಎಳೆದಳು. ಸೆರಗಿನ ತುದಿಯಿಂದ ಒರೆಸಿದಳು. ಮೇಲಿನ ಹಿಟ್ಟು ಹೋಗಿ, ತಗ್ಗಿನಲ್ಲಿ ಕೂತ ಹಿಟ್ಟು ಬೆಳ್ಳಗೆ ಉಳಿಯಿತು. ಅಂಕಿಗಳು ಎದ್ದು ಬಂದವು.

“ಬರೆದುಕೊಳ್ಳಿ,” ಅಂದಳು.

ಅಷ್ಟು ದಿನಗಳಲ್ಲಿ ಅವಳು ಅಪ್ಪನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಅಪ್ಪ ಬರೆದುಕೊಂಡರು.

ಆ ಚಳಿಗಾಲ ಪೂರ್ತಿ ನಮ್ಮ ಮನೆಯಲ್ಲಿ ನಡೆದದ್ದು ಇದೇ ಕೆಲಸ. ಅಮ್ಮ ಹಿಟ್ಟು ಹಚ್ಚಿ ಓದುವುದು, ಅಪ್ಪ ಆಫೀಸಿನ ಕಂಪ್ಯೂಟರಿನಿಂದ ಮೇಷ್ಟ್ರಿಗೆ ಕಳಿಸುವುದು, ಉತ್ತರ ಬಂದ ದಿನ ಬಾಗಿಲಲ್ಲೇ ಅಮ್ಮನಿಗೆ ಹೇಳುವುದು. ಅಮ್ಮ ಹಳೆಯ ಕ್ಯಾಲೆಂಡರಿನ ಹಿಂಬದಿಯಿಂದ, ಸ್ಟೀಲಿನ ಚಟ್ನಿ ಬಟ್ಟಲು ಕವುಚಿಟ್ಟು ಗೆರೆ ಎಳೆದು, ದುಂಡು ಕಾಗದ ಕತ್ತರಿಸಿದಳು. ಅವುಗಳ ಮೇಲೆ ಹೆಸರು ಬರೆಯುವುದು ನನ್ನ ಪಾಲಿಗೆ ಬಂತು. ಕನ್ನಡದಲ್ಲೇ ಬರೆಯಬೇಕೆಂದು ಅಪ್ಪ ಹಟ ಹಿಡಿದರು. ನನ್ನ ಶಾಲೆಯಲ್ಲಿ ಕನ್ನಡವಿರಲಿಲ್ಲ. ನನಗೆ ಅಕ್ಷರಗಳು ಅರೆಬರೆ ಬರುತ್ತಿದ್ದವು, ಒತ್ತಕ್ಷರ ಬಂದರೆ ಕೈ ನಿಲ್ಲುತ್ತಿತ್ತು. ಆ ಅಮೆರಿಕದ ಹೆಂಗಸರ ಹೆಸರುಗಳಲ್ಲಿ ಒತ್ತಕ್ಷರಗಳು ತುಂಬಾ. ಅಮ್ಮ ನನ್ನ ಬೆರಳು ಹಿಡಿದು ತಿದ್ದಿಸಿದಳು. ನಾನು ಇವತ್ತು ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಆ ಚಳಿಗಾಲದಲ್ಲಿ ಕಲಿತದ್ದು. ಕಾಗದಗಳನ್ನು ತಟ್ಟೆಗೆ ಅಂಟಿಸಲು ಮಾತ್ರ ಅಮ್ಮ ಬಿಡಲಿಲ್ಲ. ಇನ್ನು ಅವುಗಳ ಮೈಗೆ ಏನೂ ತಾಗಿಸುವುದು ಬೇಡ ಎಂದು ಪ್ರತಿ ಕಾಗದವನ್ನೂ ಆಯಾ ತಟ್ಟೆಯ ಲಕೋಟೆಯೊಳಗೆ ಇಳಿಬಿಟ್ಟಳು.

ಅಮ್ಮ ಮೊದಲು ಆ ಹಾಡುಗಳನ್ನು ಕೇಳಿದವಳೇ ಅಲ್ಲ. ಈ ಕೆಲಸಕ್ಕೆ ಕೂತ ಮೇಲೆ ಕೇಳಲೇಬೇಕಾಯಿತು. ಒಂದು ಹಾಡು ನಮ್ಮಲ್ಲಿ ಎರಡು ತಟ್ಟೆಗಳಲ್ಲಿತ್ತು. ನಂಬರೂ ಒಂದೇ, ಕೊನೆಯ ಅಂಕಿ ಮಾತ್ರ ಬೇರೆ. ಅಪ್ಪ ಅದು ಕೊರೆದವನ ತಪ್ಪಿರಬೇಕು ಅಂದರು. ಅಮ್ಮ ಎರಡನ್ನೂ ಒಂದರ ಹಿಂದೊಂದು ಹಾಕಿಸಿ ಕೇಳಿ, ಇದು ಬೇರೆ, ಇದರಲ್ಲಿ ಅವಳು ಉಸಿರು ಬೇಗ ತೆಗೆದುಕೊಳ್ಳುತ್ತಾಳೆ ಅಂದಳು. ಮೇಷ್ಟ್ರ ಉತ್ತರವೂ ಅದೇ ಆಗಿತ್ತು. ಒಂದೇ ಹಾಡನ್ನು ಒಂದೇ ದಿನ ಎರಡು ಸಲ ಹಾಡಿಸಿದ್ದರು, ಕೊನೆಯ ಅಂಕಿ ಎಷ್ಟನೆಯ ಸಲ ಎನ್ನುವುದಕ್ಕೆ. ಅಂದಿನಿಂದ ಅಪ್ಪ ಅನುಮಾನ ಬಂದಾಗಲೆಲ್ಲ ಅವಳನ್ನು ಕರೆದು ಕೂರಿಸುತ್ತಿದ್ದರು. ಅವಳು ಮೊದಲು ಒಲೆ ಸಣ್ಣ ಮಾಡಿ ಬರುತ್ತಿದ್ದಳು. ಆಮೇಲಾಮೇಲೆ ಆರಿಸಿಯೇ ಬಂದಳು.

ಟ್ರಂಕಿನ ತಳದಲ್ಲಿದ್ದ ಒಂದು ತಟ್ಟೆಗೆ ಹೆಸರು ಸಿಗಲಿಲ್ಲ. ಅದನ್ನು ಅಪ್ಪ ಒಮ್ಮೆಯೂ ಹಾಕಿರಲಿಲ್ಲ, ಅದರ ಕಾಗದದ ಮೇಲೆ ಏನಿತ್ತೆಂದು ಯಾರೂ ಓದಿರಲಿಲ್ಲ. ಬಿಡದ ಕಾಗದವೆಂದು ಅಮ್ಮ ಪಾತ್ರೆ ತಿಕ್ಕುವ ಸ್ಟೀಲಿನ ಜುಂಗಿನಿಂದ ಎಲ್ಲಕ್ಕಿಂತ ಜೋರಾಗಿ ಉಜ್ಜಿದ್ದು ಅದನ್ನೇ. ಒಂದು ಬದಿಯಲ್ಲಿ ಬರೀ ಪಿಯಾನೊ. ಆ ಬದಿಯ ನಂಬರು ಪೂರ್ತಿ ಉಜ್ಜಿಹೋಗಿತ್ತು. ಹಾಡಿದ ಬದಿಯಲ್ಲಿ ಮೊದಲಿನ ಕೆಲವು ಅಂಕಿ ಉಳಿದು, ಮುಂದಿನದ್ದು ಗೀರಿನೊಳಗೆ ಹೋಗಿತ್ತು. ಎಷ್ಟು ಹಿಟ್ಟು ಹಚ್ಚಿದರೂ ಗೀರುಗಳೇ ಬೆಳ್ಳಗಾದವು. ಅಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಆ ಹಾಡೇ. ದೊಡ್ಡ ದನಿಯಲ್ಲ ಅದು. ಬಟ್ಟೆ ಮಡಚುತ್ತ ಹಾಡಿದ ಹಾಗಿತ್ತು. ಕೊನೆಯ ಸಾಲಿಗೆ ಮೊದಲು ಅವಳು ಹಾಡು ನಿಲ್ಲಿಸಿ ಪಿಯಾನೊ ನುಡಿಸುವವನಿಗೆ ಏನೋ ಹೇಳುತ್ತಾಳೆ, ಎರಡೇ ಮಾತು, ಏನೆಂದು ತಿಳಿಯುವುದಿಲ್ಲ, ಮತ್ತೆ ಹಾಡುತ್ತಾಳೆ. ಅಲ್ಲಿಗೆ ಬಂದಾಗ ಅಮ್ಮ ಪ್ರತಿ ಸಲವೂ ತಲೆಯೆತ್ತುತ್ತಿದ್ದಳು. ಮೇಷ್ಟ್ರು ಅರ್ಧ ನಂಬರಿನಿಂದ ಏನೂ ಹೇಳಲಾಗದು ಎಂದು ಬರೆದರು, ಪ್ರಯತ್ನಿಸುತ್ತೇನೆ ಎಂದೂ ಬರೆದರು. ಸ್ವಲ್ಪ ಕಾಲದ ಮೇಲೆ ಅವರಿಂದ ಉತ್ತರ ಬರುವುದೇ ನಿಂತಿತು. ಅವರಿಗೆ ಬಹಳ ವಯಸ್ಸಾಗಿತ್ತು. ಆ ತಟ್ಟೆಯ ದುಂಡು ಕಾಗದ ಖಾಲಿ ಇದ್ದದ್ದನ್ನು ನೋಡಲಾರದೆ, ನಾವೇ ಏನಾದರೂ ಹೆಸರಿಡೋಣ ಎಂದು ಅಪ್ಪ ಒಮ್ಮೆ ಅಂದರು.

“ಬೇಡ,” ಅಂದಳು ಅಮ್ಮ. “ಅವಳಿಗೆ ಅವಳದ್ದೇ ಹೆಸರುಂಟು. ನಾನು ಒರೆಸಿದ್ದು. ಸಿಗುವವರೆಗೆ ಹಾಗೇ ಇರ್ಲಿ.”

ಅದು ಅವಳಲ್ಲಿ ಮುಳ್ಳಿನ ಹಾಗೆ ಉಳಿಯಿತು. ಉಳಿದವರಿಗೆಲ್ಲ ಹೆಸರು ಮರಳಿ ಬಂದಿತ್ತು, ಅಪ್ಪ ಸಿಟ್ಟನ್ನು ಎಂದೋ ಮರೆತಿದ್ದರು, ನಗುತ್ತ ಬೇರೆಯವರಿಗೆ ಆ ಬಾತ್‌ಟಬ್ಬಿನ ಕಥೆ ಹೇಳುತ್ತಿದ್ದರು. ಅಮ್ಮ ಆಗ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಹೆಂಗಸು ಎಷ್ಟು ಕಷ್ಟಪಟ್ಟು ಅಲ್ಲಿಯವರೆಗೆ ಹೋಗಿ ಹಾಡಿರಬೇಕು, ಅವಳದ್ದೆಂದು ಉಳಿದದ್ದು ಅದೊಂದು ಕಾಗದ, ಅದನ್ನೂ ತಾನು ಚರಂಡಿಗೆ ಬಿಟ್ಟೆ ಎಂದು ಸಫಿಯಕ್ಕನ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದೇನೆ. ಸಫಿಯಕ್ಕ ಆ ಸಲ ತಮಾಷೆ ಮಾಡಲಿಲ್ಲ.

ಆ ವಿಲ್ಲಾ ಈಗ ಇಲ್ಲ. ಅದನ್ನು ಕೆಡವುವ ಮೊದಲು ನಾವು ಅಲ್ ವುಕೈರ್‌ನ ಫ್ಲ್ಯಾಟಿಗೆ ಬಂದೆವು. ಸಫಿಯಕ್ಕ ಊರಿಗೆ ಹೋದರು. ನಾನು ಓದು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಉಳಿದೆ. ಹಳೆಯ ತಟ್ಟೆಗಳ ನಂಬರುಗಳನ್ನು ಹಾಕಿಟ್ಟಿರುವ ಜಾಲತಾಣಗಳು ಬಂದ ಮೇಲೆ ವರ್ಷಕ್ಕೊಮ್ಮೆಯಾದರೂ ಹುಡುಕುತ್ತಿದ್ದೆ. ಆ ಅರ್ಧ ನಂಬರಿಗೆ ಹೊಂದುವವು ನೂರಾರಿದ್ದವು, ಕೇಳಲು ಸಿಗುತ್ತಿದ್ದವು ಬಹಳ ಕಡಿಮೆ. ಕಳೆದ ವರ್ಷ ಅಮ್ಮನ ಹೊಟ್ಟೆನೋವು ಬರೀ ಹೊಟ್ಟೆನೋವಲ್ಲ ಎಂದು ಗೊತ್ತಾಯಿತು. ಆಸ್ಪತ್ರೆಯ ದಿನಗಳಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. ಫ್ರಿಜ್ಜಿನಲ್ಲಿಟ್ಟ ಹುಳಿಯ ಬಗ್ಗೆ ಹೇಳಿದಳು, ಅಪ್ಪನ ಮಾತ್ರೆಯ ಬಗ್ಗೆ ಹೇಳಿದಳು. ಒಂದು ಮಧ್ಯಾಹ್ನ ನನ್ನ ಕೈಯಲ್ಲಿ ಫೋನ್ ನೋಡಿ ಕೇಳಿದಳು:

“ಆ ಹೆಂಗಸಿನದ್ದು ಸಿಕ್ಕಿತಾ?”

ಇಲ್ಲ, ಹುಡುಕುತ್ತಿದ್ದೇನೆ ಅಂದೆ. ಹುಡುಕು ಎನ್ನುವ ಹಾಗೆ ತಲೆಯಾಡಿಸಿದಳು.

ಅಮ್ಮ ಹೋದ ಮೇಲೆ, ಜೀವಮಾನವಿಡೀ ಬೇರೆಯವರ ಮನೆಗಳನ್ನು ಪ್ಯಾಕ್ ಮಾಡಿದ ಅಪ್ಪ ಅವಳ ಕಪಾಟನ್ನು ಮಾತ್ರ ಮುಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ. ನನಗೆ ಮಾಡಲು ಒಂದೇ ಕೆಲಸ ಗೊತ್ತಿತ್ತು. ಆಫೀಸಿಗೆ ಹೋಗುವಾಗ ಬರುವಾಗ, ಕಾರಿನಲ್ಲಿ, ಆ ಅಂಕಿಗಳಿಂದ ಶುರುವಾಗುವ ಹಾಡುಗಳಲ್ಲಿ ಯಾರಾದರೂ ಹೊಸದಾಗಿ ಜಾಲಕ್ಕೆ ಹಾಕಿದ್ದನ್ನೆಲ್ಲ ಒಂದೊಂದಾಗಿ ಕೇಳಿದೆ. ಗಂಡಸರ ಹಾಡುಗಳು, ಬ್ಯಾಂಡಿನವರು, ಚರ್ಚಿನವರು. ಒಂದು ಬೆಳಿಗ್ಗೆ ಅಲ್ ಥುಮಾಮಾದ ಸಿಗ್ನಲಿನಲ್ಲಿ ನಿಂತಿದ್ದಾಗ ಆ ಹೆಂಗಸು ಬಂದಳು. ನಮ್ಮ ತಟ್ಟೆಗಿಂತ ಸ್ವಚ್ಛವಾಗಿ, ಹತ್ತಿರದಿಂದ. ಕೊನೆಯ ಸಾಲಿಗೆ ಮೊದಲು ನಿಂತು ಪಿಯಾನೊದವನಿಗೆ ಎರಡು ಮಾತು ಹೇಳಿದಳು. ಹಿಂದಿನವರು ಹಾರ್ನ್ ಹಾಕಿದರು. ನಾನು ಮುಂದೆ ಹೋಗಿ ರಸ್ತೆ ಬದಿಗೆ ಕಾರು ನಿಲ್ಲಿಸಿದೆ.

ಸಂಜೆ ಅಪ್ಪನ ಪಕ್ಕ ಕೂತು ಜಾಲತಾಣದಲ್ಲಿ ಆ ಹಾಡಿನ ಬಗ್ಗೆ ಇದ್ದ ಪುಟವನ್ನು ಓದಿ ಹೇಳಿದೆ. ಆ ಕಾಲದಲ್ಲಿ ಒಂದೇ ಹಾಡಿನ ಅಚ್ಚನ್ನು ಬೇರೆ ಬೇರೆ ಅಗ್ಗದ ಕಂಪನಿಗಳು ಕೊಂಡು, ತಮ್ಮ ತಮ್ಮ ಕಾಗದ ಅಂಟಿಸಿ, ತಮಗೆ ತೋಚಿದ ಹೆಸರು ಹಾಕಿ ಮಾರುತ್ತಿದ್ದರಂತೆ. ಹಾಡಿದವರಿಗೆ ಅದು ಗೊತ್ತೇ ಇರುತ್ತಿರಲಿಲ್ಲವಂತೆ. ಈ ಹಾಡು ಮೂರು ಕಂಪನಿಗಳಿಂದ ಮೂರು ಹೆಂಗಸರ ಹೆಸರಲ್ಲಿ ಬಂದಿದೆ. ಮೂರೂ ಕಟ್ಟಿದ ಹೆಸರುಗಳು. ಆ ಮೂರನ್ನೂ ಓದಿದೆ, ಯಾವುದೂ ಅಪ್ಪನಿಗೆ ಕೇಳಿದ ಹಾಗಿರಲಿಲ್ಲ.

“ಹಾಗಾದ್ರೆ ನಿನ್ನ ಅಮ್ಮ ಒರೆಸಿದ್ದು ಅವಳ ಹೆಸರನ್ನಲ್ಲ.”

“ಅಲ್ಲ ಅಪ್ಪಾ. ಮೂರರಲ್ಲಿ ಯಾವುದಿದ್ರೂ ಅವಳದ್ದಲ್ಲ.”

“ಇಷ್ಟು ವರ್ಷ ಸುಮ್ಮನೆ ಹೊತ್ತುಕೊಂಡಳು,” ಅಂದರು ಅಪ್ಪ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಚಾಕ್ಕೆ ನೀರಿಟ್ಟರು.

ಆ ಪುಟದಲ್ಲಿ ಪೂರ್ತಿ ನಂಬರಿದೆ. ಯಾವ ಊರಿನಲ್ಲಿ ಹಾಡಿಸಿದರು ಎಂದಿದೆ, ಪಿಯಾನೊ ನುಡಿಸಿದವನ ಹೆಸರಿದೆ. ಹಾಡಿದವಳ ಜಾಗದಲ್ಲಿ, ಒಬ್ಬ ಹೆಂಗಸು, ಯಾರೆಂದು ತಿಳಿದಿಲ್ಲ ಎಂದಷ್ಟೇ ಇದೆ. ಅವಳ ಹೆಸರು ಇನ್ನೂ ಸಿಕ್ಕಿಲ್ಲ.